ಭಾವನವರ ಕನಸಿನ ಪಟಗಳು

ಹೋದ ಸೋಮವಾರ ಜಗಳೂರಿನ ಹಾಲಸ್ವಾಮಿ ಮೇಷ್ಟ್ರು ನ್ಯಾಮತಿಯ ನಮ್ಮ ಬಟ್ಟೆ ಅಂಗಡಿಗೆ ಬಂದು, ಗಾದಿಯ ಮೇಲೆ ಕೂತು, ನಮ್ಮ ಮನೆಯ ಕಾಫಿಯನ್ನು ಎರಡು ಸಲ ಕುಡಿದು, ಕೊನೆಗೆ ವಿಷಯಕ್ಕೆ ಬಂದರು. ಅವರ ಸ್ವಪ್ನ ಚಿತ್ರಕಲಾ ಸಂಘದವರು ನಮ್ಮ ಭಾವ ಬೆನಕಪ್ಪನವರಿಗೆ ಸನ್ಮಾನ ಮಾಡುತ್ತಾರಂತೆ. ಶಾಲು, ಹಾರ, ಜೊತೆಗೆ ಒಂದು ಸಣ್ಣ ಪುಸ್ತಕ. ಆ ಪುಸ್ತಕಕ್ಕೆ ಭಾವನವರ ಜೀವನವೃತ್ತಾಂತವನ್ನು ನಾನು ಬರೆಯಬೇಕಂತೆ. ಹೆಂಡತಿಯ ತಮ್ಮನಿಗಿಂತ ಹತ್ತಿರದಿಂದ ನೋಡಿದವರು ಇನ್ಯಾರಿದ್ದಾರೆ ಎಂದು ಅವರ ವಾದ.

“ನಾಕು ಒಳ್ಳೆ ಮಾತು ಬರ್ಕೊಡ್ರಿ ಜಂಪಣ್ಣಾರೆ, ಸಾಕು,” ಅಂದರು.

ಆ ನಾಲ್ಕು ಒಳ್ಳೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಭಾವ ಕುಡಿಯುವುದಿಲ್ಲ. ಇಸ್ಪೀಟು ಆಡುವುದಿಲ್ಲ. ಹೆಂಡತಿಯ ಮೇಲೆ ಕೈ ಮಾಡಿದವರಲ್ಲ. ಪಂಚೆಯನ್ನು ಅವರಷ್ಟು ಬೆಳ್ಳಗೆ ಉಡುವವರು ಇಡೀ ಚನ್ನಗಿರಿಯಲ್ಲಿ ಇಲ್ಲ. ಆಯಿತಲ್ಲ, ಇನ್ನು ನಿಜ ಹೇಳುತ್ತೇನೆ.

ಬೆನಕಪ್ಪನವರು ಚನ್ನಗಿರಿಯ ಅಡಿಕೆ ವ್ಯಾಪಾರಸ್ಥರ ಮನೆಯ ಒಬ್ಬನೇ ಮಗ. ನಮ್ಮ ಅಕ್ಕ ಕಲ್ಲಮ್ಮನನ್ನು ಅವರಿಗೆ ಕೊಟ್ಟಾಗ ನಮ್ಮಪ್ಪ, “ಹುಡುಗ ಮೆತ್ತಗೆ ಅದಾನೆ, ಮಗಳು ಸುಖವಾಗಿರ್ತಾಳೆ” ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಮೆತ್ತಗೆ ಇದ್ದದ್ದೇನೋ ಹೌದು. ಮೇಲ್ತರದ ಸರಕು ಯಾವುದು, ಕೀಳು ತರದ ಗೊರಬಲು ಯಾವುದು ಎಂದು ಗೊತ್ತಾಗದೆ ಅಡಿಕೆ ರಾಶಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಮಗನನ್ನು ಕಂಡು ರೇಗಿ, ವ್ಯಾಪಾರ ಕಲಿತು ಬರಲಿ ಎಂದು ಅವರಪ್ಪ ಬೊಂಬಾಯಿಯ ದಲ್ಲಾಳಿಯೊಬ್ಬರ ಬಳಿ ಬಿಟ್ಟರು. ಮೂವತ್ತೇಳನೇ ಇಸವಿಯಲ್ಲಿ ಹೋದವರು ಮರುವರ್ಷವೇ ವಾಪಸು ಬಂದರು. ವ್ಯಾಪಾರ ಬಂದಿರಲಿಲ್ಲ. ಬಂದದ್ದು ಟ್ರಂಕಿನ ತುಂಬ ಬಣ್ಣದ ಪುಡಿ, ಕುಂಚ, ಮತ್ತು ಪರದೇಶದ ಒಂದು ಚಿತ್ರದ ಪುಸ್ತಕ. ಅಲ್ಲಿ ಯಾರೋ ಬಿಳಿಯರು ಇಟ್ಟಿದ್ದ ಪ್ರದರ್ಶನದಲ್ಲಿ ಕನಸಿನ ಚಿತ್ರಗಳನ್ನು ಕಂಡು ಅವರ ಒಳಗಣ್ಣು ತೆರೆಯಿತಂತೆ. ಹೊರಗಿನ ಎರಡು ಕಣ್ಣು ಅವತ್ತೇ ಮುಚ್ಚಿಕೊಂಡವು ಎಂದು ನಾನು ಸೇರಿಸುತ್ತೇನೆ.

ಅಟ್ಟದ ಕೋಣೆ ಅವರ ಚಿತ್ರಶಾಲೆಯಾಯಿತು. ಪುಡಿ ಬಣ್ಣಕ್ಕೆ ಅಂಟು ಬೆರೆಸಿ ಕೋರಾ ಬಟ್ಟೆಯ ಮೇಲೆ ಬರೆಯುತ್ತಿದ್ದರು. ಬಟ್ಟೆ ನಮ್ಮ ಅಂಗಡಿಯದೇ. ಮುಂದೆ ಯುದ್ಧ ಬಂದು, ಬಟ್ಟೆಗೆ ಕಂಟ್ರೋಲು ಬಂದು, ಹೆಂಗಸರು ಒಂದು ಸೀರೆಗಾಗಿ ಅಂಗಡಿಯ ಮುಂದೆ ಸಾಲು ನಿಂತು, ಸಿಗದೆ ನನಗೆ ಹಿಡಿಶಾಪ ಹಾಕಿ ಹೋಗುವ ಕಾಲದಲ್ಲೂ ಭಾವನಿಗೆ ಕೋರಾ ಬಟ್ಟೆ ಹೋಗುತ್ತಿತ್ತು. ಅಕ್ಕನ ಮುಖ ನೋಡಿ ಕೊಡುತ್ತಿದ್ದೆ. ಊರಿನವರ ಮೈಮೇಲೆ ಇರಬೇಕಾದ ಬಟ್ಟೆಯ ಮೇಲೆ ಇವರು ಏನು ಬರೆದರು ಕೇಳಿ: ಛತ್ರಿಯ ಕಾಲಿನ ಎತ್ತು. ಮುಖದ ಜಾಗದಲ್ಲಿ ಬೀಗ ಇರುವ ಶ್ಯಾನುಭೋಗ. ಹೆಂಗಸೊಬ್ಬಳ ಕಿವಿಯೊಳಗೆ ಹೋಗುತ್ತಿರುವ ಚಕ್ಕಡಿ. ಬೆರಳುಗಳ ಬಾಳೆಗೊನೆ.

ನನ್ನ ಅಂಗಡಿಯ ಬೋರ್ಡಿಗೆ ಒಂದು ಜೋಡಿ ಎತ್ತು ಬರೆದುಕೊಡಿ ಎಂದು ಒಮ್ಮೆ ಕೇಳಿದೆ. ಭಾವ ನನ್ನನ್ನು ಕನಿಕರದಿಂದ ನೋಡಿದರು.

“ಕಣ್ಣಿಗೆ ಕಾಣೋದನ್ನ ಬರೆಯೋನು ಗುಮಾಸ್ತ ಕಣಯ್ಯಾ ಜಂಪಣ್ಣ. ಕಾಣದೇ ಇರೋದನ್ನ ಬರೆಯೋನು ಕಲಾವಿದ.”

ನನಗೆ ಅವತ್ತೇ ಅರ್ಥವಾಯಿತು. ಎತ್ತಿನ ಕಾಲು ನೆಟ್ಟಗೆ ಬರೆಯಲು ಈ ಮನುಷ್ಯನಿಗೆ ಬರುವುದಿಲ್ಲ. ಎತ್ತನ್ನು ನಿಂತು ನೋಡಿದ್ದರೆ ತಾನೇ ಬರುವುದು? ಛತ್ರಿಯಾದರೆ ಮೂಲೆಯಲ್ಲೇ ಇರುತ್ತದೆ.

ಆದರೆ ಇಂಥವರಿಗೆ ಜೊತೆ ಸಿಗುವುದು ಕಷ್ಟವಲ್ಲ. ಹಾಲಸ್ವಾಮಿ ಮೇಷ್ಟ್ರು ಜಗಳೂರಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಅವರು ಬರೆಯುತ್ತಿದ್ದದ್ದು ಒಂದೇ ಚಿತ್ರ, ಚಂದ್ರನನ್ನು ಡುಬ್ಬದ ಹಾಗೆ ಹೊತ್ತ ಒಂಟೆ. ಅದನ್ನೇ ಬೇರೆ ಬೇರೆ ಬಣ್ಣದಲ್ಲಿ ಬರೆದು ಬೇರೆ ಬೇರೆ ಹೆಸರು ಇಡುತ್ತಿದ್ದರು. ಇವರಿಬ್ಬರೂ ಸೇರಿ ಸಂಘ ಕಟ್ಟಿದರು. ಉಳಿದ ಸದಸ್ಯರು ಚಪ್ಪಾಳೆ ತಟ್ಟುವವರು ಮತ್ತು ಉಪ್ಪಿಟ್ಟು ತಿನ್ನುವವರು.

ಮೊದಲ ಪ್ರದರ್ಶನ ನ್ಯಾಮತಿಯಲ್ಲೇ, ಸಂತೆಯ ದಿನ, ನಮ್ಮ ಅಂಗಡಿಯ ಪಕ್ಕದ ಚಾವಡಿಯಲ್ಲಿ ಆಯಿತು. ಸಂತೆಗೆ ಬಂದವರೆಲ್ಲ ಒಮ್ಮೆ ಇಣುಕಿ ಹೋದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸೂರಗೊಂಡನಕೊಪ್ಪದ ಕಡೆಯ ರೈತ ಗಿಡ್ಡಪ್ಪ ಮಾತ್ರ ಬೀಗದ ಮುಖದ ಶ್ಯಾನುಭೋಗನ ಮುಂದೆ ಬಹಳ ಹೊತ್ತು ನಿಂತ. ಭಾವ ಅರಳಿದರು. ಹತ್ತಿರ ಹೋಗಿ, ಇದರ ಒಳ ಅರ್ಥ ಏನು ಗೊತ್ತೇ ಎಂದು ಶುರುಮಾಡುವಷ್ಟರಲ್ಲಿ ಅವನೇ ಬಾಯಿಬಿಟ್ಟ.

“ಸ್ವಾಮ್ಯಾರೆ, ಈ ಪಟ ಕೊಡ್ತೀರೇನ್ರಿ? ಮೆಣಸಿನಗಿಡದ ಹೊಲದಾಗೆ ಕಟ್ಟಾಕೆ ಬೇಕಿತ್ತು. ಗಿಡ ಚೆನ್ನಾಗಿ ಬಂದೈತೆ, ಹೋಗೋರು ಬರೋರ ಕಣ್ಣು ಬೀಳ್ತೈತೆ. ನಾವು ಮಡಿಕೆಗೆ ಸುಣ್ಣ ಬಳಿದು ಬೆದರುಬೊಂಬೆ ಮಾಡ್ತೀವಿ, ಆದ್ರೆ ಹಿಂಗೆ ಕೆಟ್ಟಗೆ ಬರಾಕಿಲ್ಲ.”

ಅವನು ಗೇಲಿ ಮಾಡಲಿಲ್ಲ. ಮನಸಾರೆ ಮೆಚ್ಚಿ ಕೇಳಿದ. ಭಾವನವರ ಚಿತ್ರಗಳಿಗೆ ಇವತ್ತಿನವರೆಗೂ ಸಿಕ್ಕ ಪ್ರಾಮಾಣಿಕ ಮೆಚ್ಚುಗೆ ಅದೊಂದೇ. ಭಾವ ಕೆಂಪಗಾಗಿ, “ಈ ಜನಕ್ಕೆ ಇನ್ನೂ ನೂರು ವರ್ಷ ಬೇಕು” ಎಂದು ಪಟಗಳನ್ನು ಸುತ್ತಿಕೊಂಡು ಚನ್ನಗಿರಿಯ ಬಸ್ಸು ಹತ್ತಿದರು. ನಾನು ಅಂಗಡಿಯೊಳಗೆ ಹೋಗಿ ಬಾಗಿಲ ಮರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ಅಲ್ಲಿಗೆ ಮುಗಿಯಿತು. ಇನ್ನು ಮಂಗಳಿಯ ವಿಷಯ.

ಸರ್ವಮಂಗಳ ಎಂದು ಹೆಸರು, ಮಂಗಳಿ ಎಂದು ಕರೆಯುತ್ತಿದ್ದೆವು. ಅಕ್ಕನಿಗೆ ಮದುವೆಯಾಗಿ ವರ್ಷಗಳು ಕಳೆದ ಮೇಲೆ ಹುಟ್ಟಿದ ಮಗು. ದುಂಡಗೆ, ಬೆಳ್ಳಗೆ, ಎತ್ತಿಕೊಂಡವರ ಮೀಸೆಗೆ ಕೈ ಹಾಕುವ ಪೋರಿ. ಅಕ್ಕನ ಅತ್ತೆ ಶಂಕರಮ್ಮನಿಗೆ ದೃಷ್ಟಿಯ ಭಯ ಬಹಳ. ಹೊನ್ನಾಳಿಯಿಂದ ಫೋಟೋದವನು ಬಂದಾಗ ಮನೆಯವರೆಲ್ಲ ಕೂತು ತೆಗೆಸಿಕೊಂಡರೂ ಮಗುವನ್ನು ಒಳಗೇ ಇಟ್ಟುಕೊಂಡರು. ಎಳೆ ಮಕ್ಕಳನ್ನು ಫೋಟೋ ಹಿಡಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವರ ನಂಬಿಕೆ. ಅಕ್ಕನೂ ದಿನಾ ಬೆಳಿಗ್ಗೆ ಮಗುವಿಗೆ ಎರೆದು, ಕೆನ್ನೆಗೆ ದಪ್ಪಗೆ ಕಾಡಿಗೆ ಬೊಟ್ಟು ಇಡುತ್ತಿದ್ದಳು. ಸಂಜೆ ದೀಪ ಹಚ್ಚುವ ಮೊದಲು ಸೆರಗಿನ ತುದಿ ಒದ್ದೆ ಮಾಡಿ ಒರೆಸುತ್ತಿದ್ದಳು. ನಮ್ಮ ಕಡೆ ಯಾವ ತಾಯಿ ಇದನ್ನು ಮಾಡುವುದಿಲ್ಲ?

ಭಾವ ಬೆಳಿಗ್ಗೆ ಏಳುತ್ತಿರಲಿಲ್ಲ. ಕನಸು ಬೀಳುವುದು ಬೆಳಗಿನ ಜಾವದಲ್ಲಂತೆ, ಆದ್ದರಿಂದ ಅವರು ತಾವಾಗಿ ಏಳುವವರೆಗೆ ಮನೆಯಲ್ಲಿ ಯಾರೂ ಬಿಂದಿಗೆ ಸದ್ದು ಕೂಡ ಮಾಡಬಾರದು. ಮಗು ಅತ್ತರೆ ಅಕ್ಕ ಹಿತ್ತಿಲಿಗೆ ಎತ್ತಿಕೊಂಡು ಓಡುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಇಳಿದಾಗ ಮಂಗಳಿ ಎದುರಿಗೆ ಬಂದರೆ ತಲೆ ಸವರುತ್ತಿದ್ದರು, ಬೆಕ್ಕಿನ ತಲೆ ಸವರಿದ ಹಾಗೆ. ಸಂಜೆ ಸಂಘದ ಮಾತು ಎಂದು ಹೊರಗೆ. ಅವರು ವಾಪಸು ಬರುವ ಹೊತ್ತಿಗೆ ಮಗು ಮಲಗಿರುತ್ತಿತ್ತು.

ನಲವತ್ತಮೂರರ ಮಳೆಗಾಲದಲ್ಲಿ ಮಂಗಳಿಗೆ ಚಳಿಜ್ವರ ಹಿಡಿಯಿತು. ಆಗ ಜಗಳೂರಿನಲ್ಲಿ ಸಂಘದ ಪ್ರದರ್ಶನ. ಜ್ವರ ಏರಿದೆ, ಕೂಡಲೇ ಬರಬೇಕು ಎಂದು ಆಳು ಕಳಿಸಿದೆವು. ಆಳಿನ ಕೈಯಲ್ಲಿ, ಸಮಾರೋಪ ಭಾಷಣ ನನ್ನದೇ ಇದೆ, ಮುಗಿಸಿ ಹೊರಡುತ್ತೇನೆ ಎಂದು ಹೇಳಿ ಕಳಿಸಿದರು. ಅವರು ಭಾಷಣ ಮುಗಿಸಿ ಬರುವಷ್ಟರಲ್ಲಿ ನಾವು ಮಗುವಿನ ಹಣೆಗೆ ವಿಭೂತಿ ಹಚ್ಚಿ ಮಣ್ಣು ಮಾಡಿ ಬಂದು ಸ್ನಾನ ಮಾಡಿದ್ದೆವು. ಭಾವ ಅತ್ತರು. ಅತ್ತದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಕಣ್ಣು ಒರೆಸಿಕೊಂಡು ಅಟ್ಟ ಹತ್ತಿದರು, ಅದನ್ನು ನಾನು ಮರೆತಿಲ್ಲ.

ಮರುವರ್ಷ ಅಕ್ಕ ತವರಿಗೆ ಬಂದಿದ್ದಳು. ಅವಲಕ್ಕಿ ಕೇರುತ್ತಾ ಕೂತವಳು ಕೈ ನಿಲ್ಲಿಸಿ, ಏನೋ ಕಳೆದುಕೊಂಡವಳ ಹಾಗೆ ಗೋಡೆ ನೋಡತೊಡಗಿದಳು.

“ಏನಕ್ಕಾ?” ಅಂದೆ.

“ತಮ್ಮಾ, ನಂಗೆ ಮಂಗಳಿ ಮುಖ ಮರ್ತು ಹೋಗ್ತೈತೆ ಕಣೋ. ಫ್ರಾಕು ನೆನಪೈತೆ. ಕಾಲ್ಗೆಜ್ಜೆ ನೆನಪೈತೆ. ಮುಖ ಅಂದ್ರೆ ಬರೀ ಬೆಳ್ಳಗೆ ಕಾಣ್ತೈತೆ, ಕಣ್ಣು ಮೂಗು ಕೂಡಾಕಿಲ್ಲ. ಹೆತ್ತೋಳಿಗೆ ಹಿಂಗಾಗ್ಬೌದೇನೋ?”

ನನಗೆ ನೆನಪಿದ್ದದ್ದನ್ನು ಹೇಳಿದೆ, ಗಲ್ಲ ಹಿಂಗಿತ್ತು, ಹುಬ್ಬು ಹಂಗಿತ್ತು ಎಂದು. ಅವಳು ತಲೆ ಅಲ್ಲಾಡಿಸಿದಳು. ಮಾತಿನಿಂದ ಮುಖ ಬರುವುದಿಲ್ಲ. ಒಂದು ಫೋಟೋ ಇದ್ದಿದ್ದರೆ ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಚನ್ನಗಿರಿಗೆ ಹೋದವಳೇ ಗಂಡನನ್ನು ಕೇಳಿದಳು. ಮದುವೆಯಾದಾಗಿನಿಂದ ಅವರನ್ನು ಅವಳು ಏನನ್ನೂ ಕೇಳಿದವಳಲ್ಲ. ನಾನು ಅವಳನ್ನು ಬಿಟ್ಟು ಬರಲು ಹೋಗಿದ್ದೆ, ಎದುರಿಗೇ ಇದ್ದೆ.

“ಅಷ್ಟೊಂದು ಬರೀತೀರಿ. ಮಂಗಳಿ ಮುಖ ಒಂದು ಬರ್ಕೊಡ್ರಿ. ನಿಮ್ಮ ಕನಸು ಗಿನಸು ಏನೂ ಬ್ಯಾಡ. ಹೆಂಗಿದ್ಲೋ ಹಂಗೆ ಇದ್ರೆ ಸಾಕು. ದೇವರ ಗೂಡಿನ ಹತ್ರ ಇಟ್ಕೋತೀನಿ.”

“ಹೆಂಗಿದ್ಲೋ ಹಂಗೆ ಬರೆಯಾಕೆ ನಾನೇನು ಫೋಟೋದೋನಾ?” ಅಂದರು ಭಾವ. “ಅವಳು ನನ್ನೊಳಗೆ ಹೆಂಗದಾಳೋ ಅದು ಚಿತ್ರ. ಅದು ಬರಬೇಕಾದಾಗ ಬರ್ತದೆ.”

ಬಂದವು. ಕಾಗೆಯ ಕಾಲಿನ ತೊಟ್ಟಿಲು ಬಂತು. ಹಾಲಿನ ಮಳೆಯಲ್ಲಿ ನೆನೆಯುತ್ತಿರುವ ಬೂಟು ಬಂತು. ಮಂಗಳಿ ಹುಟ್ಟಿದ ಮೇಲೆ ಸಾಯುವವರೆಗೂ ಬೂಟು ಹಾಕಿದವಳೇ ಅಲ್ಲ. ಪ್ರತಿ ಪಟ ಮುಗಿದಾಗಲೂ ಅಕ್ಕ ಅಟ್ಟ ಹತ್ತಿ ನೋಡಿ ಇಳಿದು ಬರುತ್ತಿದ್ದಳು. ಮುಖ ಎಲ್ಲೂ ಇರಲಿಲ್ಲ.

ಆಮೇಲೆ ಒಂದು ದಿನ ಭಾವನೇ ಹೇಳಿದರಂತೆ: ಹೊನ್ನಾಳಿಯಲ್ಲಿ ದೊಡ್ಡ ಪ್ರದರ್ಶನ ಇದೆ, ಅದಕ್ಕೆ ಮಂಗಳಿಯ ಮುಖವನ್ನೇ ಬರೆಯುತ್ತಿದ್ದೇನೆ, ಮುಗಿಯುವವರೆಗೆ ಯಾರೂ ಅಟ್ಟಕ್ಕೆ ಬರಬೇಡಿ. ಆ ಸುದ್ದಿಯನ್ನು ಅಕ್ಕ ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಬಟ್ಟೆ ದೊಡ್ಡದಾಗಿ ಬೇಕಂತೆ ಅಂದಳು. ಅಂಗಡಿಯಲ್ಲಿ ಉಳಿದಿದ್ದ ಒಳ್ಳೆಯ ಕೋರಾ ಬಟ್ಟೆಯನ್ನೇ ಹರಿದುಕೊಟ್ಟೆ. ಮೊದಲ ಸಲ ಖುಷಿಯಿಂದ ಕೊಟ್ಟೆ.

ಪಟಗಳ ಜೊತೆ ಭಾವ ಮುಂಚಿತವಾಗಿಯೇ ಹೊನ್ನಾಳಿಗೆ ಹೋದರು. ಪ್ರದರ್ಶನದ ದಿನ ಅಕ್ಕನನ್ನು ನಾನು ಕರೆದುಕೊಂಡು ಹೊರಟೆ. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಿಂದ ಓಡುವ ಬಸ್ಸು. ದಿಣ್ಣೆ ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ಅಕ್ಕ ಮಡಿಲಲ್ಲಿ ಬಾಳೆ ಎಲೆಯ ಪೊಟ್ಟಣ ಇಟ್ಟುಕೊಂಡು ಕೂತಿದ್ದಳು. ಏನದು ಎಂದು ಕೇಳಿದೆ. ಬಿಚ್ಚಿ ತೋರಿಸಿದಳು. ಕಾಕಡ ಹೂವಿನ ಸಣ್ಣ ಹಾರ, ತಾನೇ ಕಟ್ಟಿದ್ದು.

“ಪಟಕ್ಕೆ ಹಾಕಾಕೆ. ಎಲ್ರ ಮುಂದೆ ಹಾಕಿದ್ರೆ ಅವರೇನಾದ್ರೂ ಅಂತಾರೇನೋ?”

“ಅಂದ್ರೆ ಅನ್ಲಿ ಬಿಡಕ್ಕಾ,” ಅಂದೆ.

ಪ್ರದರ್ಶನ ಅಕ್ಕಿ ಗಿರಣಿಯ ಗೋಡೌನಿನಲ್ಲಿ. ತೌಡಿನ ವಾಸನೆಯ ನಡುವೆ ಗೋಡೆಯುದ್ದಕ್ಕೂ ಮೇಷ್ಟ್ರ ಒಂಟೆಗಳು, ಭಾವನ ಛತ್ರಿಗಳು. ಅಧ್ಯಕ್ಷತೆಗೆ ನಿವೃತ್ತ ಅಮಲ್ದಾರರೊಬ್ಬರು ಬಂದಿದ್ದರು. ಅವರು ತಮ್ಮ ಸರ್ವೀಸಿನ ಕಾಲದಲ್ಲಿ ರೇಷ್ಮೆ ಹುಳು ಸಾಕಿಸಿದ ಬಗ್ಗೆ ಬಹಳ ಹೊತ್ತು ಮಾತಾಡಿ, ಚಿತ್ರಕಲೆಯೂ ಹಾಗೆಯೇ ಅಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳಲು ಆ ಗೋಡೌನಿನಲ್ಲಿ ಒಬ್ಬನಿಗೂ ಧೈರ್ಯವಿರಲಿಲ್ಲ. ಗಿಡ್ಡಪ್ಪನಂಥವರು ಯಾರೂ ಬಂದಿರಲಿಲ್ಲ.

ಕೊನೆಗೆ ಭಾವ ಎದ್ದು, ಮುಸುಕು ಹಾಕಿದ್ದ ದೊಡ್ಡ ಪಟದ ಮುಂದೆ ನಿಂತು, ತೀರಿಹೋದ ತಮ್ಮ ಮಗಳ ಚಿತ್ರ ಎಂದು ಹೇಳಿ ಮುಸುಕು ತೆಗೆದರು.

ಆಳೆತ್ತರದ ನೀಲಿ ಮುಖ. ಕಣ್ಣಿನ ಜಾಗದಲ್ಲಿ ಎರಡು ಬಾಗಿಲು, ಒಂದು ತೆರೆದದ್ದು, ಒಂದು ಮುಚ್ಚಿದ್ದು. ಮೂಗಿನ ಜಾಗದಲ್ಲಿ ಮೆಟ್ಟಿಲು. ಬಾಯಿ ಇರಲೇ ಇಲ್ಲ. ಎಡಗೆನ್ನೆಯ ಮೇಲೆ ಮಾತ್ರ ಒಂದು ಕಪ್ಪು ಮಚ್ಚೆ. ಇಡೀ ಪಟದಲ್ಲಿ ಶ್ರದ್ಧೆಯಿಂದ ಬರೆದದ್ದು ಅದೊಂದೇ. ಉಬ್ಬು ತಗ್ಗು, ನೆರಳು, ಒಂದು ಎಳೆ ಕೂದಲು, ಎಲ್ಲ ಇತ್ತು. ಆ ಮಚ್ಚೆಯಿಂದ ಕಪ್ಪು ಬೇರುಗಳು ಹೊರಟು ಮುಖದ ಅರ್ಧಕ್ಕೆ ಹಬ್ಬಿದ್ದವು.

ಭಾವ ಬೆತ್ತದ ತುದಿಯನ್ನು ಅದಕ್ಕೆ ಮುಟ್ಟಿಸಿದರು. “ಮಹನೀಯರೆ, ನನ್ನ ಮಗಳಿಗೆ ಹುಟ್ಟಿನಿಂದಲೂ ಕೆನ್ನೆಯ ಮೇಲೆ ಈ ಮಚ್ಚೆ ಇತ್ತು. ತಂದೆಯಾಗಿ ನನ್ನ ಕಣ್ಣಿನಲ್ಲಿ ಅಚ್ಚೊತ್ತಿ ನಿಂತದ್ದು ಇದೇ. ಮೃತ್ಯು ಅವಳ ಜೊತೆಯಲ್ಲೇ ಹುಟ್ಟಿ, ಈ ಬೀಜದಿಂದ ಬೆಳೆದು...”

“ಅದು ಮಚ್ಚೆ ಅಲ್ರೀ.”

ಹೆಂಗಸರು ನಿಂತಿದ್ದ ಮೂಲೆಯಿಂದ ಅಕ್ಕ ಮುಂದೆ ಬಂದಿದ್ದಳು. ಗಂಡಸರು ಸರಿದು ದಾರಿ ಬಿಟ್ಟರು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ಹೇಳುವ ಹಾಗಿತ್ತು.

“ಅದು ಕಾಡಿಗೆ. ದೃಷ್ಟಿ ಆಗಬಾರ್ದು ಅಂತ ನಾನೇ ಇಡ್ತಿದ್ದೆ, ದಿನಾ ಬೆಳಿಗ್ಗೆ. ಸಂಜೆಗೆ ಒರೆಸ್ತಿದ್ದೆ. ಜ್ವರ ಬಂದ ಮೇಲೆ ಇಟ್ಟಿರ್ಲಿಲ್ಲ. ಹೋಗುವಾಗ ಅವಳ ಕೆನ್ನೆ ಮ್ಯಾಲೆ ಏನೂ ಇರ್ಲಿಲ್ಲ.”

ಭಾವನ ಬೆತ್ತ ಇನ್ನೂ ಮಚ್ಚೆಯ ಮೇಲೇ ಇತ್ತು. ಹೆತ್ತ ಮಗಳನ್ನು ಒಂದು ಬೆಳಿಗ್ಗೆ ಎತ್ತಿಕೊಂಡಿದ್ದರೆ, ಅವಳು ಮಲಗಿದ್ದಾಗ ಒಂದು ಸಲ ಬಗ್ಗಿ ನೋಡಿದ್ದರೆ, ಜ್ವರದಲ್ಲಿ ಒಂದು ಗಳಿಗೆ ಪಕ್ಕದಲ್ಲಿ ಕೂತಿದ್ದರೆ ಗೊತ್ತಾಗುವ ವಿಷಯ. ಅವರ ಮನೆಯ ಹಾಲು ಕರೆಯುವವಳಿಗೂ ಗೊತ್ತಿತ್ತು.

ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಇಟ್ಟು ಒದ್ದೆ ಮಾಡಿದಳು. ಎಡಗೈಯನ್ನು ಪಟದ ಗಲ್ಲದ ಕೆಳಗೆ ಕೊಟ್ಟು, ಬಲಗೈಯಿಂದ ಒರೆಸತೊಡಗಿದಳು. ಅಂಟಿನ ಬಣ್ಣ, ನೀರು ತಾಗಿದರೆ ನಿಲ್ಲುವುದಿಲ್ಲ. ಮೊದಲು ಕಪ್ಪು ಹರಡಿತು. ಮತ್ತೆ ಸೆರಗು ಒದ್ದೆ ಮಾಡಿ ಒರೆಸಿದಳು. ಯಾರೂ ತಡೆಯಲಿಲ್ಲ. ಮಚ್ಚೆ ಹೋಯಿತು, ಬೇರು ಹೋಯಿತು, ಕೆಳಗಿನ ನೀಲಿಯೂ ಹೋಗಿ ನಮ್ಮ ಅಂಗಡಿಯ ಕೋರಾ ಬಟ್ಟೆ ಬೆಳ್ಳಗೆ ಕಾಣಿಸಿತು. ಆಗ ನಿಲ್ಲಿಸಿ, ಆ ಬಿಳಿಯ ಜಾಗವನ್ನೇ ನೋಡುತ್ತಾ ನಿಂತಳು.

ಈಗಲಾದರೂ ಈ ಮನುಷ್ಯ ಕುಸಿದು ಕೂರುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತು ಹಾಗೇ ಕಾಣಿಸಿತು ಕೂಡ, ಬೆತ್ತ ನೆಲಕ್ಕೆ ಇಳಿದಿತ್ತು. ಅಷ್ಟರಲ್ಲಿ ಅಮಲ್ದಾರರು ಗಂಟಲು ಸರಿಮಾಡಿಕೊಂಡು, “ಇದೂ ಪ್ರದರ್ಶನದಲ್ಲಿ ಸೇರಿದ್ದೋ?” ಎಂದು ಕೇಳಿದರು.

ಭಾವ ಅವರ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಆಮೇಲೆ ಬೆತ್ತವನ್ನು ಎತ್ತಿ ಆ ಬಿಳಿಯ ಜಾಗಕ್ಕೆ ಮುಟ್ಟಿಸಿದರು.

“ನೋಡಿದಿರಾ ಸ್ವಾಮಿ, ತಾಯಿಯ ಕೈ! ಈಗ ಚಿತ್ರ ಪೂರ್ಣವಾಯಿತು.”

ಅಮಲ್ದಾರರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಹಾಲಸ್ವಾಮಿ ಮೇಷ್ಟ್ರು ತಟ್ಟಿದರು.

ಮೇಷ್ಟ್ರೆ, ಆ ಪಟಕ್ಕೆ ನೀವು ‘ಮಾತೃಸ್ಪರ್ಶ’ ಎಂದು ಹೆಸರಿಟ್ಟು ಊರೂರು ಮೆರೆಸಿದಿರಿ. ಈ ಪುಸ್ತಕದ ರಟ್ಟಿನ ಮೇಲೂ ಅದನ್ನೇ ಹಾಕುತ್ತೀರಂತೆ. ಹಾಕಿ. ಒಳಗೆ ಇದನ್ನೂ ಹಾಕುವ ಧೈರ್ಯ ನಿಮಗಿಲ್ಲ, ಅದು ನನಗೆ ಗೊತ್ತು. ಆ ಪಟ ಗಿಡ್ಡಪ್ಪನ ಮೆಣಸಿನ ಹೊಲದಲ್ಲಿ ಮಳೆಗೆ ನೆಂದು ಹೋಗಿದ್ದರೆ ಅದಕ್ಕೆ ಮರ್ಯಾದೆ ಇರುತ್ತಿತ್ತು.

ಅವತ್ತು ಚಪ್ಪಾಳೆ ಮುಗಿಯುವ ಮೊದಲೇ ಅಕ್ಕ, “ನಡಿ ತಮ್ಮಾ, ಬಸ್ಸು ಹೋಗ್ತೈತೆ” ಅಂದಳು. ಹೊರಗೆ ಬಂದೆವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹೂವಿನ ಪೊಟ್ಟಣ ಮಡಿಲಲ್ಲೇ ಇತ್ತು. ಸೆರಗಿನ ತುದಿ ಕಪ್ಪಾಗಿತ್ತು, ಅದನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತಾ ಇದ್ದಳು. ನಾನು ಭಾವನನ್ನು ಬಾಯಿಗೆ ಬಂದ ಹಾಗೆ ಬೈಯತೊಡಗಿದೆ. ಅವಳು ಬೇಡವೆಂದು ಕೈ ಎತ್ತಿದಳು.

“ಒರೆಸುವಾಗ ಬಂತು ಕಣೋ,” ಅಂದಳು. “ಒರೆಸಿದ್ರೆ ಅವಳು ಮುಖ ಕಿವುಚ್ತಿದ್ಲು. ಒಂದು ಕಣ್ಣು ಮುಚ್ಚಿ, ಮೂಗು ಏರಿಸಿ, ನಾಲಿಗೆ ಚೂರು ಹೊರಗೆ ಹಾಕಿ. ಎಲ್ಲಾ ಬಂತು. ಈಗ ಐತೆ ನೋಡು, ಕಣ್ಮುಂದೇನೇ ಐತೆ.”

ನಾನು ಅಳುತ್ತಿದ್ದೆ, ಅವಳು ಅಳಲಿಲ್ಲ. ದಿಣ್ಣೆಯಲ್ಲಿ ಬಸ್ಸು ನಿಂತಿತು. ಗಂಡಸರು ಇಳಿಯಿರಿ ಎಂದು ಕಂಡಕ್ಟರು ಕೂಗಿದ. ನಾನು ಏಳುವಾಗ ಅವಳು ಮೆಲ್ಲಗೆ ಅಂದಳು.

“ಅವರನ್ನ ಬೈಬ್ಯಾಡ ತಮ್ಮಾ. ನಾನಾದ್ರೆ ಮರ್ತಿದ್ದೆ, ನೆನಪಾತು. ಅವರಿಗೆ ಮರೆಯಾಕಾದ್ರೂ ಒಂದ್ಸಲ ನೋಡಿರಬೇಕಿತ್ತಲ್ಲ.”